ಲೆಕ್ಕಕ್ಕೆಂದೇ ಹುಟ್ಟಿದ ಭಾಷೆ – ಕೋಬಾಲ್



ನಮ್ಮ ಹಾಲು ಉತ್ಪಾದಕರ ಸಂಘದ ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಸಂಘ ಕಟ್ಟಿದ ಕಥೆಯನ್ನು ಹಿರಿಯರು ಬರೆದುಕೊಟ್ಟಿದ್ದಾರೆ. ಹಸುಗಳ ಮೇವು, ಕೆಚ್ಚಲು ಬಾವು ಇತ್ಯಾದಿಗಳ ಬಗ್ಗೆ ಪಶುವೈದ್ಯರು ಬರೆದಿದ್ದಾರೆ. ನಮ್ಮ ಪಾಲಿಗೆ ಉಳಿದದ್ದು ಲೆಕ್ಕದ ವಿಷಯ. ನಾವು ಎಸ್.ಎಸ್.ಎಲ್.ಸಿ. ಓದಿ ಹೊಲಕ್ಕೆ ಇಳಿದವರು, ಕಂಪ್ಯೂಟರ್ ಪಂಡಿತರಲ್ಲ. ಹಾಗಿದ್ದೂ ಈ ಲೇಖನ ಒಂದು ಕಂಪ್ಯೂಟರ್ ಭಾಷೆಯ ಚರಿತ್ರೆ. ಇದನ್ನು ಹಾಲಿನ ಸಂಘದ ಪುಸ್ತಕದಲ್ಲಿ ಯಾಕೆ ಹಾಕಿದರಪ್ಪಾ ಎಂದು ಯಾರೂ ಹುಬ್ಬೇರಿಸಬಾರದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಸಂಘಕ್ಕೆ ಒಂದು ಕಂಪನಿಯವರು ಹೊಸ ಲೆಕ್ಕದ ಯಂತ್ರ ಕೂರಿಸಿಕೊಟ್ಟರು. ಹಾಲು ಸುರಿದ ಕೂಡಲೇ ಲೀಟರು, ಫ್ಯಾಟು, ಎಸ್.ಎನ್.ಎಫ್., ದರ, ಮೊಬಲಗು ಎಲ್ಲಾ ಅಚ್ಚಾಗಿ ಚೀಟಿ ಬರುತ್ತಿತ್ತು. ಎಲ್ಲರಿಗೂ ಸಂತೋಷವಾಯಿತು. ಆದರೆ ಚೀಟಿಗಳನ್ನೆಲ್ಲ ತಂತಿಗೆ ಚುಚ್ಚಿ ಇಟ್ಟುಕೊಂಡಿದ್ದ ಒಬ್ಬ ಸದಸ್ಯೆ, ಬಟವಾಡೆ ಆದ ಮೇಲೆ ಎಲ್ಲಾ ಕೂಡಿಸಿ ನೋಡಿದರೆ ಆರು ಪೈಸೆ ಕಡಿಮೆ! ಆರು ಪೈಸೆಗೆ ಈಗ ಬೆಂಕಿಪೊಟ್ಟಣದ ಕಡ್ಡಿಯೂ ಬರೋದಿಲ್ಲ, ನಿಜ. ಆದರೆ ಮಹಾಸಭೆಯಲ್ಲಿ ಆಕೆ ಎದ್ದು ನಿಂತು, "ನನ್ನ ಚೀಟಿ ಸುಳ್ಳೋ, ನಿಮ್ಮ ಪಟ್ಟಿ ಸುಳ್ಳೋ?" ಎಂದು ಕೇಳಿದಾಗ ವೇದಿಕೆ ಮೇಲಿದ್ದ ಯಾರ ಬಾಯಲ್ಲೂ ಉತ್ತರವಿರಲಿಲ್ಲ. ಕಂಪನಿಯ ಹುಡುಗ ಬಂದು, "ಸಾಫ್ಟ್‌ವೇರ್ ಹಾಗೇ ಲೆಕ್ಕ ಹಾಕೋದು ಸಾರ್" ಅಂದ. ಹೇಗೆ ಹಾಕುತ್ತೆ ಎಂದು ತೋರಿಸಪ್ಪಾ ಎಂದರೆ ಅದು ಅವನಿಗೂ ಗೊತ್ತಿಲ್ಲ. ಕೈಬರಹದ ಖಾತೆ ಪುಸ್ತಕವಾಗಿದ್ದರೆ ಯಾವ ಸಾಲಿನಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು.

ನಮ್ಮಣ್ಣನ ಮಗ ಹೆಬ್ಬಾಳದ ಕಡೆ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಹೊರದೇಶದ ವಿಮಾ ಕಂಪನಿಯೊಂದರ ಹಳೆಯ ಲೆಕ್ಕದ ಪ್ರೋಗ್ರಾಂಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಈ ಪ್ರಸಂಗ ಹೇಳಿದಾಗ ಅವನು ನಕ್ಕು, ಒಂದು ಹಾಳೆ ಮುಂದಿಟ್ಟು, "ಚಿಕ್ಕಪ್ಪ, ಇದನ್ನ ಓದಿ ನೋಡಿ" ಅಂದ. ಇಂಗ್ಲಿಷ್ ಅಕ್ಷರದಲ್ಲಿತ್ತು, ಆದರೆ ನಮ್ಮ ಎಸ್.ಎಸ್.ಎಲ್.ಸಿ. ಇಂಗ್ಲಿಷಿಗೂ ಎಟುಕುವಂಥದು. ಕನ್ನಡ ಅಕ್ಷರದಲ್ಲಿ ಬರೆದರೆ ಹೀಗಾಗುತ್ತದೆ: "ಮಲ್ಟಿಪ್ಲೈ ಲೀಟರ್ ಬೈ ರೇಟ್ ಗಿವಿಂಗ್ ಅಮೌಂಟ್ ರೌಂಡೆಡ್." ಲೀಟರನ್ನು ದರದಿಂದ ಗುಣಿಸು, ಬಂದ ಮೊತ್ತವನ್ನು ಹತ್ತಿರದ ಪೈಸೆಗೆ ಸರಿಮಾಡಿ ಬರೆ. ಇಷ್ಟೇ. ಸಾಲಿನ ಕೊನೆಗೆ ಒಂದು ಪೂರ್ಣವಿರಾಮ ಕೂಡ ಇತ್ತು. ಇದೇ ಕೋಬಾಲ್ ಭಾಷೆ ಎಂದು ಹೇಳಿದ. 1959ರಲ್ಲಿ ಹುಟ್ಟಿದ್ದು, ಇವತ್ತಿಗೂ ಅದರಲ್ಲೇ ಸಂಬಳ ಎಣಿಸುತ್ತಿದ್ದೇನೆ ಎಂದ. ಅಂದಿನಿಂದ ಇದರ ಚರಿತ್ರೆ ಕೆದಕುವ ಹುಚ್ಚು ನಮಗೆ ಹತ್ತಿತು.

1959 ಅಂದ ಕೂಡಲೇ ನಿಮಗೂ ಏನಾದರೂ ನೆನಪಾಗಬೇಕು. ನಮ್ಮ ಸಂಘದ ಲೆಟರ್‌ಹೆಡ್ಡಿನಿಂದ ಹಿಡಿದು ಚುನಾವಣಾ ನೋಟೀಸಿನವರೆಗೆ ಎಲ್ಲದರ ಬೆನ್ನಿಗೂ ಇರುವ ಸಹಕಾರ ಸಂಘಗಳ ಕಾಯ್ದೆಯೂ 1959ರದೇ. ಆಗ ಅದು ಮೈಸೂರು ರಾಜ್ಯದ ಕಾಯ್ದೆ. 1960ರಲ್ಲಿ ಜಾರಿಗೆ ಬಂತು, 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಕರ್ನಾಟಕ ಕಾಯ್ದೆಯಾಯಿತು. ಎಷ್ಟೋ ಸಾರಿ ತಿದ್ದುಪಡಿ ಆಗಿದೆ, ಆದರೆ ಬುನಾದಿ ಅದೇ. ಕೋಬಾಲ್ ಕೂಡ ಹೀಗೇ. 1968, 1974, 1985, 2002, 2014, ಕಡೆಗೆ 2023ರಲ್ಲಿ ಅದರ ನಿಯಮಗಳು ಪರಿಷ್ಕಾರಗೊಂಡವು.

ಅದು ಹುಟ್ಟಿದ ಬಗೆಯೂ ನಮ್ಮಂಥ ಸಹಕಾರಿಗಳಿಗೆ ಹಿಡಿಸುವಂಥದು. ಆಗ ಅಮೆರಿಕದಲ್ಲಿ ಒಂದೊಂದು ಕಂಪನಿಯ ಕಂಪ್ಯೂಟರಿಗೆ ಒಂದೊಂದು ಭಾಷೆ. ಒಂದರ ಮೇಲೆ ಬರೆದ ಲೆಕ್ಕ ಇನ್ನೊಂದರ ಮೇಲೆ ನಡೆಯುತ್ತಿರಲಿಲ್ಲ. ಅಮೆರಿಕದ ರಕ್ಷಣಾ ಇಲಾಖೆಯಲ್ಲಿ 225 ಕಂಪ್ಯೂಟರುಗಳಿದ್ದವು, ಇನ್ನೂ 175ಕ್ಕೆ ಆರ್ಡರು ಕೊಟ್ಟಾಗಿತ್ತು. ಯಂತ್ರ ಬದಲಾದಾಗಲೆಲ್ಲ ಪ್ರೋಗ್ರಾಂಗಳನ್ನು ಮೊದಲಿಂದ ಬರೆಸಬೇಕು ಎಂದರೆ ಖರ್ಚು ಎಲ್ಲಿಗೆ ಹೋಗಿ ಮುಟ್ಟಬೇಡ? ಬರೋಸ್ ಕಂಪನಿಯ ಮೇರಿ ಹಾಸ್ ಎಂಬಾಕೆ, ಎಲ್ಲ ಯಂತ್ರಗಳಿಗೂ ಸಲ್ಲುವ ಒಂದೇ ವ್ಯವಹಾರ ಭಾಷೆ ಬೇಕು ಎಂದು ಮಾತೆತ್ತಿದರು. 1959ರ ಮೇ 28 ಮತ್ತು 29ರಂದು ರಕ್ಷಣಾ ಇಲಾಖೆಯ ಕೇಂದ್ರ ಕಚೇರಿ ಪೆಂಟಗಾನ್‌ನಲ್ಲಿ ಸಭೆ ಸೇರಿತು. ಸಂತೆಯಲ್ಲಿ ಒಬ್ಬರ ಗಿರಾಕಿಯನ್ನು ಒಬ್ಬರು ಎಳೆದುಕೊಳ್ಳುತ್ತಿದ್ದ ಕಂಪನಿಗಳೇ ಒಂದೇ ಜಮಖಾನೆ ಮೇಲೆ ಕೂತವು. ಯಾವ ಕಂಪನಿಗೂ ಸೇರದ, ಎಲ್ಲರಿಗೂ ಸೇರಿದ ಭಾಷೆ ಆಗಬೇಕೆಂದು ತೀರ್ಮಾನವಾಯಿತು. ಕರಡು ಮಾಡಿದ ಕೊನೆಯ ಉಪಸಮಿತಿಯಲ್ಲಿ ಆರೇ ಜನ. ಅವರಲ್ಲಿ ಜೀನ್ ಸ್ಯಾಮೆಟ್, ಗರ್ಟ್ರೂಡ್ ಟಿಯರ್ನಿ ಎಂಬ ಇಬ್ಬರು ಮಹಿಳೆಯರು. 1960ರ ಡಿಸೆಂಬರಿನಲ್ಲಿ ಒಂದೇ ಪ್ರೋಗ್ರಾಂ ಎರಡು ಬೇರೆ ಬೇರೆ ಕಂಪನಿಗಳ ಯಂತ್ರಗಳ ಮೇಲೆ ಓಡಿ ತೋರಿಸಿತು. ಒಂದು ರೆಮಿಂಗ್ಟನ್ ರ‍್ಯಾಂಡ್ ಅವರದು, ಇನ್ನೊಂದು ಆರ್.ಸಿ.ಎ. ಅವರದು.

ಈ ಭಾಷೆಗೆ ಹೆಚ್ಚುಕಡಿಮೆ ಅಜ್ಜಿ ಎನ್ನಬಹುದಾದವರು ಗ್ರೇಸ್ ಹಾಪರ್. ಅಮೆರಿಕದ ನೌಕಾಪಡೆಯಲ್ಲಿದ್ದ ಗಣಿತದ ವಿದುಷಿ. 1986ರಲ್ಲಿ 79ನೇ ವಯಸ್ಸಿನಲ್ಲಿ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು, 1992ರಲ್ಲಿ ತೀರಿಕೊಂಡರು. ಲೆಕ್ಕ ಬರೆಯುವ ಜನ ಬೀಜಗಣಿತದ ಚಿಹ್ನೆಗಳಿಗೆ ಹೆದರುತ್ತಾರೆ, ಅವರಿಗೆ ಮಾತಿನಲ್ಲೇ ಬರೆಯುವ ಭಾಷೆ ಕೊಡಬೇಕು ಎಂಬುದು ಅವರ ಹಟ. ಅವರು ಮೊದಲು ಮಾಡಿದ ಫ್ಲೋಮ್ಯಾಟಿಕ್ ಎಂಬ ಭಾಷೆಯಿಂದಲೇ ಕೋಬಾಲಿಗೆ ಬಹಳಷ್ಟು ಬಂದದ್ದು. ಅವರೇ ಹೇಳಿಕೊಂಡ ಒಂದು ತಮಾಷೆ ಪ್ರಸಂಗ ಇದೆ. ಇಂಗ್ಲಿಷಿನ ಮಾತುಗಳ ಬದಲು ಫ್ರೆಂಚ್ ಮತ್ತು ಜರ್ಮನ್ ಮಾತುಗಳನ್ನು ಹಾಕಿ ಅದೇ ಪ್ರೋಗ್ರಾಮನ್ನು ಕಂಪನಿಯ ಮೇಲಿನವರಿಗೆ ತೋರಿಸಿದರಂತೆ. ಅಮೆರಿಕದಲ್ಲಿ ಕಟ್ಟಿದ ಯಂತ್ರ ಫ್ರೆಂಚು, ಜರ್ಮನ್ನು ತಿಳಿಯೋದು ಉಂಟೇ ಎಂದು ಅವರು ಗಾಬರಿಯಾದರಂತೆ! ಯಂತ್ರಕ್ಕೆ ಯಾವ ಮಾತಾದರೇನು, ಎಲ್ಲಾ ಬರೀ ಗುರುತು. ಇದನ್ನು ಓದಿದಾಗ ನಮಗೆ ಅನ್ನಿಸಿದ್ದು, ಆ ಪಟ್ಟಿಯಲ್ಲಿ ಕನ್ನಡವೂ ಇರಬಹುದಿತ್ತಲ್ಲ ಎಂದು. ಭೂಮಿ ಯೋಜನೆ ಬಂದಮೇಲೆ ಪಹಣಿ ಕನ್ನಡದಲ್ಲೇ ಅಚ್ಚಾಗಿ ಕೈಗೆ ಬರುತ್ತಿದೆ. ಅದರಿಂದ ರೈತನಿಗೆ ಎಷ್ಟು ಧೈರ್ಯ ಬಂತು ಎಂಬುದು ಶಾನುಭೋಗರ ಮೋಡಿ ಅಕ್ಷರದ ಮುಂದೆ ಕೈಕಟ್ಟಿ ನಿಂತವರ ಮನೆಯವರಿಗೆ ಗೊತ್ತು.

ಇನ್ನು ಕೋಬಾಲಿನ ಒಳಗೆ ಏನಿದೆ ಎಂದು ನೋಡೋಣ. ಕ್ರಯಪತ್ರ ಓದಿದವರಿಗೆ ಇದು ಕಷ್ಟವಲ್ಲ. ಕ್ರಯಪತ್ರದಲ್ಲಿ ಮೊದಲು ಯಾರು ಯಾರಿಗೆ ಬರೆದುಕೊಟ್ಟರು, ಯಾವ ತಾರೀಖು, ಯಾವ ಊರು ಎಂದಿರುತ್ತದೆ. ಸ್ವತ್ತಿನ ಷೆಡ್ಯೂಲು, ಸರ್ವೆ ನಂಬರು, ಚಕ್ಕುಬಂದಿ ಎಲ್ಲಾ ಅದರದರ ಜಾಗದಲ್ಲೇ ಇರಬೇಕು. ಕೋಬಾಲಿನಲ್ಲೂ ನಾಲ್ಕು ಭಾಗ, ಅದೇ ಕ್ರಮದಲ್ಲಿ. ಮೊದಲನೆಯದು ಪ್ರೋಗ್ರಾಮಿನ ಹೆಸರು ವಿಳಾಸ. ಎರಡನೆಯದು ಯಾವ ಯಂತ್ರ, ಯಾವ ಕಡತ. ಮೂರನೆಯದು ದತ್ತಾಂಶದ ಭಾಗ, ಇದೇ ಚಕ್ಕುಬಂದಿ. ಸದಸ್ಯರ ನಂಬರಿಗೆ ಎಷ್ಟು ಅಂಕಿ, ಹೆಸರಿಗೆ ಎಷ್ಟು ಅಕ್ಷರ, ರೂಪಾಯಿಗೆ ಎಷ್ಟು ಮನೆ, ಪೈಸೆಗೆ ಎಷ್ಟು ಮನೆ ಎಂದು ಮೊದಲೇ ಗೆರೆ ಎಳೆದು ಹೇಳಬೇಕು. ನಾಲ್ಕನೆಯ ಭಾಗದಲ್ಲಿ ಮಾತ್ರ ಕೂಡು, ಕಳೆ, ಗುಣಿಸು, ಬರೆ ಎಂಬ ಕೆಲಸ. ಚಕ್ಕುಬಂದಿ ಹೇಳದೆ ಜಮೀನು ಮಾರೋದಕ್ಕೆ ಆಗುವುದಿಲ್ಲ, ಹಾಗೇ ಮನೆ ಗುರುತಿಸದೆ ಕೋಬಾಲಿನಲ್ಲಿ ಲೆಕ್ಕ ಮಾಡೋದಕ್ಕೆ ಆಗುವುದಿಲ್ಲ. ಈಚಿನ ಹುಡುಗರಿಗೆ ಇದು ಉದ್ದದ ರಾಮಾಯಣ ಅನ್ನಿಸುತ್ತದೆ. ನಾಲ್ಕು ಅಕ್ಷರದಲ್ಲಿ ಮುಗಿಯುವುದಕ್ಕೆ ನಾಲ್ಕು ಸಾಲು ಬೇಕು ಎಂದು ಗೊಣಗುತ್ತಾರೆ. ನಮಗೇನೋ ಆ ಉದ್ದವೇ ಒಳ್ಳೆಯದು ಅನ್ನಿಸುತ್ತದೆ. ಎರಡು ಸಾಲಿನ ಕ್ರಯಪತ್ರ ಬರೆಸಿದವರು ಆಮೇಲೆ ಕೋರ್ಟಿಗೆ ಎಷ್ಟು ವರ್ಷ ಅಲೆದರು ಎಂಬುದನ್ನು ನಮ್ಮ ಬಳ್ಳಾರಿ ರಸ್ತೆಯ ಎರಡೂ ಬದಿಯಲ್ಲಿ ಕೇಳಬಹುದು.

ಈಗ ಆರು ಪೈಸೆಯ ವಿಚಾರಕ್ಕೆ ಬರೋಣ. ಇಡೀ ಲೇಖನದಲ್ಲಿ ಸದಸ್ಯರು ನಿಧಾನವಾಗಿ ಓದಬೇಕಾದ್ದು ಇದೊಂದೇ ಜಾಗ.

ಕಂಪ್ಯೂಟರಿನ ಒಳಗೆ ಇರುವುದು ಸೊನ್ನೆ ಮತ್ತು ಒಂದು ಮಾತ್ರ. ಅದರ ಲೆಕ್ಕ ಎರಡರ ಲೆಕ್ಕ, ಅರ್ಧ ಅರ್ಧದ ಲೆಕ್ಕ. ನಮ್ಮ ಹಳೆಯ ಸೇರು, ಅಚ್ಚೇರು, ಪಾವು, ಅರೆಪಾವು ಇದ್ದವಲ್ಲ, ಹಾಗೆ. ಒಂದನ್ನು ಅರ್ಧ ಮಾಡುತ್ತಾ ಮಾಡುತ್ತಾ ಬಂದ ಅಳತೆಗಳು ಅವು. ಅವುಗಳಲ್ಲಿ ಅರ್ಧ ಸೇರು, ಕಾಲು ಸೇರು ಚೆನ್ನಾಗಿ ಅಳೆಯಬಹುದು. ಆದರೆ ಒಂದು ಸೇರಿನ ಹತ್ತನೇ ಒಂದು ಪಾಲು ಅಳೆದುಕೊಡಿ ಎಂದರೆ? ಎಷ್ಟು ಸಣ್ಣ ಅಳತೆ ತಂದರೂ ಕೂದಲೆಳೆ ಹೆಚ್ಚೋ ಕಡಿಮೆಯೋ ಆಗಿಯೇ ಆಗುತ್ತದೆ. ಹತ್ತು ಪೈಸೆ ಎಂದರೆ ರೂಪಾಯಿಯ ಹತ್ತನೇ ಒಂದು ಪಾಲು. ನಮ್ಮ ದೇಶದಲ್ಲಿ 16 ಆಣೆಯ ರೂಪಾಯಿ ಹೋಗಿ 100 ನಯಾಪೈಸೆಯ ರೂಪಾಯಿ ಬಂದದ್ದು 1957ರ ಏಪ್ರಿಲ್ 1ರಂದು. ಆಣೆಯಾಗಿದ್ದರೆ ಯಂತ್ರಕ್ಕೆ ಸುಲಭವಾಗುತ್ತಿತ್ತು, ಪೈಸೆಯೇ ಅದಕ್ಕೆ ತೊಡಕು.

ಒಂದು ಉದಾಹರಣೆ ನೋಡಿ. 4.3 ಲೀಟರ್ ಹಾಲು, ಲೀಟರಿಗೆ 36 ರೂಪಾಯಿ 35 ಪೈಸೆ. ಗುಣಿಸಿದರೆ 156.305. ಅಂದರೆ 156 ರೂಪಾಯಿ ಮೂವತ್ತೂವರೆ ಪೈಸೆ. ಅರ್ಧ ಪೈಸೆ ಯಾರಿಗೂ ಕೊಡೋಕಾಗಲ್ಲ, ಮೂವತ್ತೋ ಮೂವತ್ತೊಂದೋ ತೀರ್ಮಾನ ಮಾಡಬೇಕು. ಎರಡರ ಲೆಕ್ಕದಲ್ಲಿ ನಡೆಯುವ ಯಂತ್ರದಲ್ಲಿ 4.3 ಎಂಬುದೂ ಪೂರ್ತಿ ಕೂರುವುದಿಲ್ಲ, 36.35 ಎಂಬುದೂ ಕೂರುವುದಿಲ್ಲ. ಆದ್ದರಿಂದ ಉತ್ತರ ಆ ಅರ್ಧ ಪೈಸೆಯ ಗೆರೆಯ ಈಚೆ ಬೀಳುತ್ತದೋ ಆಚೆ ಬೀಳುತ್ತದೋ, ಬರೀ ಕಣ್ಣಿನಿಂದ ಯಾರೂ ಹೇಳಲಾರರು. ಇದರ ಜೊತೆಗೆ ಇನ್ನೊಂದು. ಚೀಟಿಯಲ್ಲಿ ಪೈಸೆಗೆ ಸರಿಮಾಡಿದ ಮೊತ್ತ ಅಚ್ಚು ಹಾಕಿ, ಬಟವಾಡೆ ಪಟ್ಟಿಗೆ ಮಾತ್ರ ಸರಿಮಾಡದ ಮೊತ್ತಗಳನ್ನು ಕೂಡಿಸಿಕೊಂಡು ಹೋದರೆ ಎರಡಕ್ಕೂ ತಾಳೆಯಾಗುವುದಿಲ್ಲ. ನಮ್ಮ ಸಂಘದಲ್ಲಿ ಆಗಿದ್ದು ಇದೇ ಎಂದು ಅಣ್ಣನ ಮಗ ಚೀಟಿಗಳನ್ನು ಹರಡಿಕೊಂಡು ಕೂತು ತೋರಿಸಿಕೊಟ್ಟ. ಕಳ್ಳತನ ಯಾರೂ ಮಾಡಿರಲಿಲ್ಲ. ಎಲ್ಲಿ ಸರಿಮಾಡಬೇಕು ಎಂದು ಯಾರೂ ಯೋಚನೆ ಮಾಡಿರಲಿಲ್ಲ, ಅಷ್ಟೇ.

ಕೋಬಾಲಿನಲ್ಲಿ ಹಣವನ್ನು ಹತ್ತರ ಲೆಕ್ಕದಲ್ಲೇ ಇಡುವುದು ವಾಡಿಕೆ. ರೂಪಾಯಿಗೆ ಐದು ಮನೆ, ಪೈಸೆಗೆ ಎರಡು ಮನೆ ಎಂದು ಗುರುತಿಸಿದರೆ ಅಷ್ಟೇ, ಒಂದೊಂದು ಅಂಕಿಯೂ ಖಾತೆ ಪುಸ್ತಕದ ಮನೆಯಲ್ಲಿ ಕೂತ ಹಾಗೆ ಕೂರುತ್ತದೆ. ಮೇಲಿನ ಲೆಕ್ಕದಲ್ಲಿ ಸಾಲಿನ ಕೊನೆಗೆ ರೌಂಡೆಡ್ ಎಂಬ ಮಾತಿದ್ದರೆ 31 ಪೈಸೆ, ಇಲ್ಲದಿದ್ದರೆ 30 ಪೈಸೆ. ಇವತ್ತೂ ಅಷ್ಟೇ, ನಾಳೆಯೂ ಅಷ್ಟೇ, ಯಾವ ಕಂಪನಿಯ ಯಂತ್ರವಾದರೂ ಅಷ್ಟೇ. ಸದಸ್ಯನಿಗೆ ಲಾಭವೋ ಸಂಘಕ್ಕೆ ಲಾಭವೋ ಎಂಬುದು ಆ ಒಂದು ಪದದಲ್ಲಿದೆ, ಆ ಪದ ಎಲ್ಲರ ಕಣ್ಣಿಗೂ ಕಾಣುತ್ತದೆ. ಮೊತ್ತ ದೊಡ್ಡದಾಗಿ ಮನೆ ಸಾಲದೆ ಹೋದರೆ ಏನು ಮಾಡಬೇಕು ಎಂಬುದನ್ನೂ ಅಲ್ಲೇ ಪಕ್ಕದಲ್ಲಿ ಬರೆದಿಡಬಹುದು. ಬೇರೆ ಭಾಷೆಗಳಲ್ಲಿ ಹತ್ತರ ಲೆಕ್ಕ ಬರೋದೇ ಇಲ್ಲ ಎಂದೇನೂ ಇಲ್ಲ. ಬರುತ್ತದೆ, ಆದರೆ ಬರೆಯುವವನು ನೆನಪಿಟ್ಟುಕೊಂಡು ಕೇಳಿ ತರಿಸಿಕೊಳ್ಳಬೇಕು. ಕೋಬಾಲಿನಲ್ಲಿ ಅದು ಮನೆಯ ಹೊಸ್ತಿಲ ಹಾಗೆ, ಕಟ್ಟುವಾಗಲೇ ಇಟ್ಟದ್ದು.

ಇಷ್ಟು ಗಟ್ಟಿಯಾದ ಭಾಷೆಗೆ ಹುಟ್ಟಿದಾಗಲೇ ಗೋರಿ ಕಟ್ಟಲು ನೋಡಿದ್ದರು ಎಂದರೆ ನಂಬುತ್ತೀರಾ? ಸಮಿತಿಯ ಕೆಲಸ ತೆವಳುತ್ತಿದೆ, ಇದು ಬದುಕೋದಿಲ್ಲ ಎಂದು ಬೇಸತ್ತು, ಆರ್.ಸಿ.ಎ. ಕಂಪನಿಯ ಹೋವರ್ಡ್ ಬ್ರೋಮ್‌ಬರ್ಗ್ ಎಂಬಾತ, ಇವರು ಆ ಆರು ಜನರಲ್ಲೇ ಒಬ್ಬರು, ಕಲ್ಲು ಕೆತ್ತುವವರ ಹತ್ತಿರ ಕೋಬಾಲ್ ಎಂದು ಹೆಸರು ಕೆತ್ತಿಸಿದ ಒಂದು ಸಮಾಧಿ ಕಲ್ಲು ಮಾಡಿಸಿ, ರಕ್ಷಣಾ ಇಲಾಖೆಯ ಚಾರ್ಲ್ಸ್ ಫಿಲಿಪ್ಸ್ ಅವರಿಗೆ ಪಾರ್ಸೆಲ್ ಕಳಿಸಿಬಿಟ್ಟರು. ಆ ಕಲ್ಲು ಈಗ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿದೆ. ಆಮೇಲೆ ಡೈಕ್‌ಸ್ಟ್ರಾ ಎಂಬ ಹಾಲೆಂಡಿನ ದೊಡ್ಡ ವಿದ್ವಾಂಸರು, ಕೋಬಾಲ್ ಕಲಿಸುವುದನ್ನೇ ಅಪರಾಧ ಎನ್ನಬೇಕು ಎಂದು 1975ರಲ್ಲಿ ಬರೆದರು. ವಿದ್ವಾಂಸರ ಮಾತಿಗೆ ನಾವು ಎದುರಾಡುವಷ್ಟು ಓದಿಲ್ಲ. ಆದರೆ ಆ ಹೊತ್ತಿಗೆ ಬ್ಯಾಂಕು, ವಿಮೆ, ಸರ್ಕಾರದ ಸಂಬಳ ಬಟವಾಡೆ ಎಲ್ಲಾ ಇದರ ಮೇಲೇ ನಿಂತಾಗಿತ್ತು.

ನಮ್ಮ ಊರಿನ ಕಡೆಗೆ ಈ ಭಾಷೆ ಬಂದದ್ದು ತೊಂಬತ್ತರ ದಶಕದಲ್ಲಿ, ಎರಡು ಸಾವಿರ ಇಸವಿಯ ಗಲಾಟೆಯ ಜೊತೆಗೆ. ಹುಣಸಮಾರನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ತಾಂತ್ರಿಕ ಕಾಲೇಜು 1986ರಲ್ಲಿ ಶುರುವಾದ ಮೇಲೆ ನಮ್ಮ ಹಿತ್ತಲ ಕೋಣೆಗಳಿಗೆ ಹುಡುಗರು ಬಾಡಿಗೆಗೆ ಬರತೊಡಗಿದರು. ನಮ್ಮ ವಾರಗೆಯ ಕೆಲವರು ಯಲಹಂಕದ ಕಂಪ್ಯೂಟರ್ ಕ್ಲಾಸಿಗೆ ಬಸ್ಸು ಹತ್ತಿದರು. ನಾವು ರಾಗಿ ಹೊಲಕ್ಕೆ ಕುಂಟೆ ಹೊಡೆಯುತ್ತಿದ್ದಾಗ ಅವರು ಕೋಬಾಲ್ ಎನ್ನುತ್ತಿದ್ದರು, ನಾವು ಅದೇನೋ ಹೊಸ ಗೊಬ್ಬರ ಇರಬೇಕು ಎಂದು ತಮಾಷೆ ಮಾಡುತ್ತಿದ್ದೆವು.

ಆ ಗಲಾಟೆಯ ಕಾರಣ ಸರಳ. ಮೊದಲ ಕಾಲದಲ್ಲಿ ಲೆಕ್ಕವೆಲ್ಲ ತೂತು ಹೊಡೆದ ರಟ್ಟಿನ ಕಾರ್ಡುಗಳ ಮೇಲೆ. ಒಂದು ಕಾರ್ಡಿನಲ್ಲಿ 80 ಅಕ್ಷರ ಹಿಡಿದರೆ ಹೆಚ್ಚು. ಯಂತ್ರದ ನೆನಪಿನ ಜಾಗವೂ ದುಬಾರಿ. ಅದಕ್ಕೆ 1965 ಎಂದು ಬರೆಯದೆ 65 ಎಂದು ಬರೆದರು. 99 ಆದ ಮೇಲೆ 00 ಬಂದರೆ ಯಂತ್ರಕ್ಕೆ ಅದು 2000ವೋ 1900ವೋ ತಿಳಿಯುವುದಿಲ್ಲ. 98ರಲ್ಲಿ ಕೊಟ್ಟ ಸಾಲಕ್ಕೆ 00ರಲ್ಲಿ ಬಡ್ಡಿ ಹಾಕು ಎಂದರೆ 98 ವರ್ಷ ಹಿಂದಕ್ಕೆ ಓಡಿತು ಎಂದೇ ಲೆಕ್ಕ. ಇದು ಕಂಪ್ಯೂಟರಿಗೆ ಮಾತ್ರ ಬಂದ ಕಷ್ಟ ಅಲ್ಲ. ನಮ್ಮ ಸಂಘದ ಮೊದಲ ರಸೀದಿ ಪುಸ್ತಕಗಳಲ್ಲೂ ತಾರೀಖಿನ ಜಾಗದಲ್ಲಿ 19 ಎಂದು ಮೊದಲೇ ಅಚ್ಚಾಗಿತ್ತು. ಕಾರ್ಯದರ್ಶಿಯವರು ಒಂದೊಂದು ಹಾಳೆಯಲ್ಲೂ ಅದನ್ನು ಹೊಡೆದು 20 ಎಂದು ಬರೆದಿರುವುದನ್ನು ಈಗಲೂ ಬೀರುವಿನಲ್ಲಿ ನೋಡಬಹುದು.

ಅಮೆರಿಕ, ಯೂರೋಪಿನ ಬ್ಯಾಂಕುಗಳಿಗೆ ಹೀಗೆ ಕೋಟಿಗಟ್ಟಲೆ ಸಾಲು ಹೊಡೆದು ತಿದ್ದುವ ಜನ ಬೇಕಾದರು. ಪುಣೆಯಲ್ಲಿ 1981ರಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರಿಗೆ ಬಂದಿದ್ದ ಇನ್ಫೋಸಿಸ್, ಅದರ ಜೊತೆಗೆ ವಿಪ್ರೊ ಮುಂತಾದ ಕಂಪನಿಗಳು ಈ ಕೆಲಸ ಹಿಡಿದವು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆ ಪ್ರೋಗ್ರಾಂಗಳನ್ನು ಬರೆದವರು ಇಪ್ಪತ್ತು ಮೂವತ್ತು ವರ್ಷದ ಹಿಂದಿನವರು, ಬೇರೆ ದೇಶದವರು, ಎಷ್ಟೋ ಜನ ನಿವೃತ್ತರು. ಅವರನ್ನು ಕಣ್ಣಿಂದಲೂ ಕಾಣದ ನಮ್ಮ ಕಡೆಯ ಹುಡುಗರು ಅವರು ಬರೆದದ್ದನ್ನು ಓದಿ, ತಾರೀಖು ಎಲ್ಲಿದೆ ಎಂದು ಹುಡುಕಿ ತಿದ್ದಿದರು. ಮಾತಿನಲ್ಲಿ ಬರೆದಿದ್ದರಿಂದ ಅದು ಸಾಧ್ಯವಾಯಿತು. ಲೆಕ್ಕ ಬರೆದವನು ಎದುರಿಗಿಲ್ಲದಿದ್ದರೂ ಓದಲು ಬರಬೇಕು ಎಂಬ ಗ್ರೇಸ್ ಹಾಪರ್ ಅವರ ಹಟದ ಬೆಲೆ ಅವತ್ತು ತಿಳಿಯಿತು. ನಮ್ಮ ಬೆಂಗಳೂರಿನ ಎಷ್ಟೋ ಮನೆಗಳ ಮೊದಲ ಪಾಸ್‌ಪೋರ್ಟು ಬಂದದ್ದೂ ಇದರಿಂದಲೇ.

ಎರಡು ಸಾವಿರ ಇಸವಿ ದಾಟಿದ ಮೇಲೆ ಇನ್ನು ಕೋಬಾಲ್ ಮುಗಿಯಿತು ಎಂದರು. ಮುಗಿಯಲಿಲ್ಲ. ಇನ್ನೂ 22,000 ಕೋಟಿ ಸಾಲು ಕೋಬಾಲ್ ಬಳಕೆಯಲ್ಲಿದೆ ಎಂದು ರಾಯಿಟರ್ಸ್ ಸುದ್ದಿಸಂಸ್ಥೆ 2017ರಲ್ಲಿ ಅಂದಾಜು ಕೊಟ್ಟಿತು. ತೆಗೆದು ಹೊಸದು ಹಾಕೋಣ ಎಂದರೆ ಅದೂ ಸುಲಭವಲ್ಲ. ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಬ್ಯಾಂಕ್ ತನ್ನ ಹಳೆಯ ವ್ಯವಸ್ಥೆ ಬದಲಿಸಲು ಐದು ವರ್ಷ ತೆಗೆದುಕೊಂಡಿತು, ಖರ್ಚು 100 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಮೇಲೆ. 2020ರ ಏಪ್ರಿಲ್‌ನಲ್ಲಿ ಕೊರೊನಾ ಕಾಲದಲ್ಲಿ ಕೆಲಸ ಹೋದವರು ಪರಿಹಾರಕ್ಕೆ ಮುಗಿಬಿದ್ದಾಗ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಫಿಲ್ ಮರ್ಫಿ, ಕೋಬಾಲ್ ಬಲ್ಲವರು ಯಾರಾದರೂ ಸ್ವಯಂಸೇವಕರಾಗಿ ಬನ್ನಿ ಎಂದು ಪತ್ರಿಕಾಗೋಷ್ಠಿಯಲ್ಲೇ ಕರೆ ಕೊಡಬೇಕಾಯಿತು.

ಕೋಬಾಲಿನ ಕಷ್ಟ ಇರುವುದೇ ಇಲ್ಲಿ, ಅದನ್ನು ಮುಚ್ಚಿಡಬಾರದು. ಭಾಷೆ ಗಟ್ಟಿಯಿದೆ, ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಕಾಲೇಜುಗಳಲ್ಲಿ ಕಲಿಸುವುದು ಅಪರೂಪವಾಗಿದೆ. ಒಬ್ಬರ ಮೇಲೊಬ್ಬರು ನಲವತ್ತು ವರ್ಷ ತೇಪೆ ಹಾಕಿದ ಪ್ರೋಗ್ರಾಂ, ಎಷ್ಟೇ ಮಾತಿನಲ್ಲಿ ಬರೆದಿದ್ದರೂ, ಪಾಲು ಪಟ್ಟಿಯಾಗದ ಅವಿಭಕ್ತ ಕುಟುಂಬದ ಜಮೀನಿನ ಹಾಗೆ. ಯಾವ ಗಟ್ಟಿನಲ್ಲಿ ಯಾರ ಹಕ್ಕಿದೆ ಎಂದು ತಿಳಿಯುವುದಕ್ಕೇ ವರ್ಷ ಹಿಡಿಯುತ್ತದೆ. ಅಣ್ಣನ ಮಗ ಹೇಳುವ ಪ್ರಕಾರ ಅವನ ತಂಡದಲ್ಲಿ ಹೊಸ ಸಾಲು ಬರೆಯುವುದಕ್ಕಿಂತ ಹಳೆಯ ಸಾಲು ಓದುವುದೇ ಹೆಚ್ಚು. ಕೋಬಾಲನ್ನು ಹೊಸ ಭಾಷೆಗೆ ತಿರುಗಿಸಿಕೊಡುವ ಕೃತಕ ಬುದ್ಧಿಯ ಸಾಧನವನ್ನು ಐ.ಬಿ.ಎಂ. 2023ರಲ್ಲಿ ಪ್ರಕಟಿಸಿತು. ತಿರುಗಿಸಿದ್ದು ಸರಿಯಿದೆಯೇ ಎಂದು ನೋಡುವವನಿಗೆ ಕೋಬಾಲ್ ಬರಲೇಬೇಕು, ಅದು ಬೇರೆ ಮಾತು.

ಇದೆಲ್ಲ ಈಗ ನಮ್ಮಂಥ ಸಣ್ಣ ಸಂಘಗಳ ಬಾಗಿಲಿಗೂ ಬಂದಿದೆ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಣ ಮಾಡಲು ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಾಲಿನ ಸಂಘಗಳಲ್ಲಂತೂ ಕೈಬರಹದ ವಹಿಗಳು ಮೂಲೆ ಸೇರುತ್ತಿವೆ. ನಮ್ಮ ಸಂಘಕ್ಕೆ ಕೋಬಾಲೇ ಬೇಕು ಎಂದು ನಾವು ಹೇಳುತ್ತಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಅದನ್ನು ಬರೆದುಕೊಡುವವರೂ ಸಿಗುವುದಿಲ್ಲ. ಆದರೆ ಅದರ ಗುಣಗಳನ್ನು ಕೇಳಿ ಪಡೆಯಲು ಅಡ್ಡಿಯೇನು?

ಆದ್ದರಿಂದ ಹೊಸ ಲೆಕ್ಕದ ಯಂತ್ರಕ್ಕೆ ಕೊಟೇಷನ್ ಕರೆಯುವಾಗ ಆಡಳಿತ ಮಂಡಳಿಯು ಕೆಲವು ಷರತ್ತು ಸೇರಿಸಿದೆ. ಹಣವನ್ನು ಹತ್ತರ ಲೆಕ್ಕದಲ್ಲೇ ಇಡಬೇಕು. ಪ್ರತಿ ಚೀಟಿಯಲ್ಲಿ ಪೈಸೆಗೆ ಸರಿಮಾಡಿದ ಮೊತ್ತವನ್ನೇ ಬಟವಾಡೆಗೆ ಕೂಡಿಸಬೇಕು. ಹಳೆಯ ವರ್ಷಗಳ ಲೆಕ್ಕ ಹೊಸ ಯಂತ್ರದಲ್ಲೂ ತೆರೆಯಬೇಕು, ನಾಳೆ ಕಂಪನಿ ಬದಲಾದರೂ ನಮ್ಮ ಲೆಕ್ಕ ನಮ್ಮ ಕೈಯಲ್ಲೇ ಇರಬೇಕು. ಎರಡು ಬಟವಾಡೆ ಹಳೆಯದು ಹೊಸದು ಎರಡನ್ನೂ ಜೊತೆಗೆ ನಡೆಸಿ ತಾಳೆ ನೋಡಿದ ಮೇಲೇ ಹಣ ಪಾವತಿ. ದರ ಕಟ್ಟುವ ಕ್ರಮವನ್ನು ಕನ್ನಡದಲ್ಲಿ ಬರೆದು ಕೊಡಬೇಕು, ಅದನ್ನು ಡೈರಿಯ ಗೋಡೆಗೆ ಹಾಕುತ್ತೇವೆ. ಮೊದಲ ಸಾರಿ ಬಂದ ಒಂದು ಕಂಪನಿಯವರು, ಇಂಥಾ ಷರತ್ತು ಯಾವ ಸಂಘವೂ ಕೇಳಿಲ್ಲ ಎಂದು ಎದ್ದು ಹೋದರು. ಇನ್ನಿಬ್ಬರು ಒಪ್ಪಿ ಬರೆದುಕೊಟ್ಟಿದ್ದಾರೆ. ಅವರ ಕೊಟೇಷನ್ನುಗಳೂ, ಮೇಲೆ ಹೇಳಿದ ಕೋಬಾಲಿನ ಹಾಳೆಯೂ ಕಾರ್ಯದರ್ಶಿಯವರ ಹತ್ತಿರ ಇವೆ. ಸಂಜೆ ಹಾಲು ಹಾಕಿದ ಮೇಲೆ ಯಾವ ಸದಸ್ಯರಾದರೂ ಕೇಳಿ ಓದಬಹುದು.